ಗಂಡನ ಕೆಲಸ ಸಲೀಸಾಗಿ ಹೋಗುತ್ತದೆ, ಉಳಿದವರು?

ಅಕ್ಕಾ,

ನನ್ನ ತವರು ಹೊಸಪೇಟೆ, ಗಂಡನ ಮನೆ ಸಂಡೂರು. ಮಾವನವರು ದೋಣಿಮಲೈ ಗಣಿಯಲ್ಲಿ ದುಡಿದು ನಿವೃತ್ತರಾದವರು. ನಾವು ಅಮೆರಿಕಕ್ಕೆ ಬಂದು ಹದಿಮೂರು ವರ್ಷವಾಯಿತು, ಈಗ ಡಲ್ಲಾಸ್ ಹತ್ತಿರ ಇದ್ದೇವೆ. ಇವರದು ಎಚ್-1ಬಿ ವೀಸಾ, ನನ್ನದು ಎಚ್-4. 2017ರಲ್ಲಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದೆವು, ಐ-140 ಒಪ್ಪಿಗೆಯಾಯಿತು, ಆಮೇಲೆ ಕಡತ ಕದಲಿಲ್ಲ. ನಾನು ಒಂದು ಸಣ್ಣ ಕಂಪನಿಯಲ್ಲಿ ಏಳು ವರ್ಷ ಅಕೌಂಟ್ಸ್ ನೋಡಿಕೊಂಡಿದ್ದೆ. ಈ ಸಲ ಕೆಲಸದ ಪರ್ಮಿಟ್ ನವೀಕರಣ ತಡವಾಗಿ ಮನೆಯಲ್ಲಿ ಕೂತಿದ್ದೇನೆ.

ಇವರಿಗೆ ಜರ್ಮನಿಯ ಮ್ಯೂನಿಕ್ ಹತ್ತಿರದ ಕಂಪನಿಯೊಂದು 84,000 ಯೂರೋ ಸಂಬಳಕ್ಕೆ ಕರೆದಿದೆ. ಇಲ್ಲಿ ಬರುತ್ತಿರುವುದು 1,45,000 ಡಾಲರ್. ‘ಸಂಬಳ ಕಡಿಮೆಯಾದರೂ ತಲೆ ಮೇಲಿನ ಕತ್ತಿ ಇಳೀತದೆ’ ಅನ್ನುತ್ತಾರೆ. ‘ನಾನು ಏಪ್ರಿಲ್‌ನಲ್ಲಿ ಮೊದಲು ಹೋಗಿ ಮನೆ ನೋಡ್ತೀನಿ, ನೀವು ಶಾಲೆ ಮುಗಿಸಿಕೊಂಡು ಜೂನ್‌ಗೆ ಬನ್ನಿ’ ಎಂಬುದು ಅವರ ಯೋಜನೆ. ಮಗಳಿಗೆ ಹನ್ನೆರಡು, ಏಳನೇ ಗ್ರೇಡ್. ‘ನಾನು ಬರಲ್ಲ’ ಎಂದು ಬಾಗಿಲು ಹಾಕಿಕೊಂಡಿದ್ದಾಳೆ. ಮಗನಿಗೆ ಆರು. ಇಬ್ಬರೂ ಇಲ್ಲೇ ಹುಟ್ಟಿದವರು.

ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲ. ಅಮೆರಿಕದವರು ಮುಂದೆ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಎಂದು ಸೇರಿಸಿದ್ದಾರೆ. ಇದು ಅಲ್ಲಿ ತೊಂದರೆಯಾಗುತ್ತದೆಯೇ? ಅಪ್ಪ ಕಂಪ್ಲಿಯ ನಾಲ್ಕು ಎಕರೆ ಗದ್ದೆಯನ್ನು ನನ್ನ ಹೆಸರಿಗೆ ದಾನಪತ್ರ ಮಾಡಿಕೊಡುತ್ತೇನೆ, ಬೇಗ ಬಾ ಎನ್ನುತ್ತಿದ್ದಾರೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಮಂಡಿನೋವು. ಅವಳದು ಒಂದೇ ಪ್ರಶ್ನೆ: ‘ಯಾಕವ್ವಾ, ಇಷ್ಟು ವರ್ಷ ಆದಮ್ಯಾಲ ಮತ್ತೊಂದು ಪರದೇಶ ಯಾಕ? ಊರಿಗೇ ಬರಬಾರದೇನು?’

ಹೋಗಬೇಕೇ ಅಕ್ಕಾ? ಹೋಗುವುದಾದರೆ ಮೊದಲು ಏನೇನು ನೋಡಿಕೊಳ್ಳಬೇಕು?

— ಹೊಸಪೇಟೆಯ ಮಗಳು, ಟೆಕ್ಸಸ್

ತಂಗಿ,

ಮೊದಲು ಆ ಏಪ್ರಿಲ್ ಯೋಜನೆಯನ್ನು ನಿಲ್ಲಿಸಿ, ಮಿಕ್ಕ ಮಾತು ಆಮೇಲೆ. ನಿಮ್ಮ ಎಚ್-4 ನಿಂತಿರುವುದು ನಿಮ್ಮ ಯಜಮಾನರ ಎಚ್-1ಬಿ ಮೇಲೆ. ಅವರು ರಾಜೀನಾಮೆ ಕೊಟ್ಟು ವಿಮಾನ ಹತ್ತಿದರೆ ನೀವು ಅಲ್ಲಿ ಉಳಿಯಲು ಆಧಾರವೇ ಇರುವುದಿಲ್ಲ. ಮಕ್ಕಳು ಅಮೆರಿಕದ ಪ್ರಜೆಗಳು, ಅವರನ್ನು ಯಾರೂ ಕೇಳುವುದಿಲ್ಲ. ಕೇಳುವುದು ಅವರ ತಾಯಿಯನ್ನು. ಕೆಲಸ ಬಿಟ್ಟ ಮೇಲೆ ಸಿಗುವ 60 ದಿನದ ಅವಕಾಶವೂ ಯಜಮಾನರು ಅಮೆರಿಕದಲ್ಲೇ ಇದ್ದರೆ ಮಾತ್ರ. ಹಾಗಾಗಿ ಮಗಳ ಶಾಲೆ ಮೇ ಕೊನೆಗೆ ಮುಗಿಯುವುದಾದರೆ ಅವರ ಕೆಲಸವೂ ಮೇ ಕೊನೆಯವರೆಗೆ ನಡೆಯಬೇಕು. ‘ಒಬ್ಬರು ಮುಂದೆ, ಉಳಿದವರು ಹಿಂದೆ’ ಎಂಬ ನಮ್ಮ ಹಳೆಯ ಕ್ರಮ ಗಲ್ಫ್‌ಗೆ, ಬೆಂಗಳೂರಿಗೆ ನಡೆಯಿತು. ನಿಮ್ಮ ವೀಸಾಕ್ಕೆ ನಡೆಯದು.

ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಮನೆಯಲ್ಲಿ ಚರ್ಚೆ ನಡೆಯುತ್ತಿರುವುದು ಅವರ ಕೆಲಸ, ಅವರ ಸಂಬಳ, ಅವರ ವೀಸಾ ಸುತ್ತ. ನಿಜ ಹೇಳಬೇಕೆಂದರೆ ಐವರಲ್ಲಿ, ಅಂದರೆ ನಿಮ್ಮ ತಾಯಿಯನ್ನೂ ಲೆಕ್ಕಕ್ಕೆ ಹಿಡಿದರೆ, ಸಾಗಿಸಲು ಅತ್ಯಂತ ಸಲೀಸಾದದ್ದು ಅವರ ಕೆಲಸವೇ. ಕಂಪ್ಯೂಟರ್ ಕೆಲಸಕ್ಕೆ ಡಲ್ಲಾಸ್ ಆದರೇನು, ಮ್ಯೂನಿಕ್ ಆದರೇನು? ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ಪದವಿ ಪಡೆದ ವಿದೇಶಿ ಕೆಲಸಗಾರರಿಗೆ ಜರ್ಮನಿ ಕೊಡುವ ಬ್ಲೂ ಕಾರ್ಡಿಗೆ 2025ರಲ್ಲಿ ಬೇಕಿದ್ದ ಕನಿಷ್ಠ ಸಂಬಳ ವರ್ಷಕ್ಕೆ 48,300 ಯೂರೋ, ಐಟಿಯಂಥ ಜನ ಸಿಗದ ಕೆಲಸಗಳಿಗೆ ಸುಮಾರು 43,760. ಪ್ರತಿ ಜನವರಿಗೆ ಈ ಮಿತಿ ಏರುತ್ತದೆ, ಆದರೂ 84,000 ಎಲ್ಲಿ, ಇದೆಲ್ಲಿ. ಅವರ ಪದವಿ ಹೊಸಪೇಟೆ, ಬಳ್ಳಾರಿ, ಯಾವ ಕಾಲೇಜಿನದಾದರೂ ಪ್ರಮಾಣಪತ್ರದ ಮೇಲಿರುವುದು ವಿಶ್ವವಿದ್ಯಾಲಯದ ಹೆಸರು. ವಿದೇಶಿ ಪದವಿಗಳಿಗೆ ಜರ್ಮನಿಯವರು ಇಟ್ಟಿರುವ ‘ಅನಾಬಿನ್’ ಎಂಬ ಪಟ್ಟಿಯಲ್ಲಿ ಆ ಹೆಸರು ಹುಡುಕಿ, ಪುಟವನ್ನು ಮುದ್ರಿಸಿ ಅರ್ಜಿಗೆ ಲಗತ್ತಿಸಲಿ. ಅರ್ಜಿ ಹಾಕಬೇಕಾದ್ದು ಹ್ಯೂಸ್ಟನ್ನಿನ ಜರ್ಮನ್ ಕಾನ್ಸುಲೇಟಿಗೆ, ಅದೂ ಅಮೆರಿಕ ಬಿಡುವ ಮೊದಲು. ಮಕ್ಕಳು ಅಮೆರಿಕದ ಪಾಸ್‌ಪೋರ್ಟಿನಲ್ಲಿ ವೀಸಾ ಇಲ್ಲದೆ ಇಳಿದು ಅಲ್ಲೇ ಪರವಾನಗಿ ಪಡೆಯಬಹುದು. ಭಾರತದ ಪಾಸ್‌ಪೋರ್ಟಿನ ನಿಮ್ಮಿಬ್ಬರಿಗೆ ಆ ಸವಲತ್ತಿಲ್ಲ.

‘ತಲೆ ಮೇಲಿನ ಕತ್ತಿ’ ಎಂದರಲ್ಲ, ಅವರ ಮಾತಿನಲ್ಲಿ ಸತ್ಯವಿದೆ. ಭಾರತದವರ ಗ್ರೀನ್ ಕಾರ್ಡಿನ ಇಬಿ-2 ಸಾಲಿನಲ್ಲಿ 2025ರ ಕೊನೆಗೂ ಸರದಿ ಬಂದಿದ್ದದ್ದು 2013ರ ಅರ್ಜಿಗಳಿಗೆ. ನಿಮ್ಮದು 2017. ಕೆಲಸ ಹೋದರೆ 60 ದಿನದಲ್ಲಿ ಬೇರೆ ಕೆಲಸ ಇಲ್ಲವೇ ಗಂಟುಮೂಟೆ. ಜರ್ಮನಿಯಲ್ಲಿ ಬ್ಲೂ ಕಾರ್ಡಿನವರಿಗೆ ಕೆಲಸ ಹೋದರೆ ಕನಿಷ್ಠ ಮೂರು ತಿಂಗಳ ಹುಡುಕಾಟಕ್ಕೆ ಅವಕಾಶವಿದೆ. ಅಲ್ಲಿನ ಖಾಯಂ ವಾಸದ ಪರವಾನಗಿ, ಭಾಷೆಯ ಬಿ1 ಪರೀಕ್ಷೆ ಪಾಸಾದರೆ 21 ತಿಂಗಳಿಗೆ, ಬರೀ ಎ1 ಆದರೆ 27 ತಿಂಗಳಿಗೆ ಸಿಗುತ್ತದೆ. ಇಷ್ಟು ವರ್ಷ ಕಾದವರ ಕಿವಿಗೆ ಇದು ಜೇನು ಸುರಿದ ಹಾಗೆ ಕೇಳಿಸುವುದು ಸಹಜ. ಆದರೆ ಮೊದಲ ಆರು ತಿಂಗಳು ಪ್ರೊಬೇಷನ್, ಆ ಅವಧಿಯಲ್ಲಿ ಎರಡು ವಾರದ ನೋಟಿಸು ಕೊಟ್ಟು ಕಳಿಸಬಹುದು. ಆ ಆರು ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಂಡೇ ಹೊರಡಿ.

ಈಗ ನಿಮ್ಮ ವಿಷಯ. ಎಚ್-4ನವರಿಗೆ ಕೆಲಸದ ಪರ್ಮಿಟ್ ಕೊಡಲು ಶುರುವಾದದ್ದು 2015ರಲ್ಲಿ. ನವೀಕರಣದ ಅರ್ಜಿ ಹಾಕಿದರೆ ಹಳೆಯದು ತಾನಾಗಿ ಮುಂದುವರಿಯುತ್ತಿದ್ದ ಅನುಕೂಲವನ್ನು 2025ರ ಅಕ್ಟೋಬರ್ 30ರಿಂದ ತೆಗೆದುಹಾಕಿದರು. ನಿಮ್ಮಂತೆ ಮನೆಯಲ್ಲಿ ಕೂತ ಹೆಣ್ಣುಮಕ್ಕಳು ಬಹಳ ಇದ್ದಾರೆ. ಬ್ಲೂ ಕಾರ್ಡಿನವರ ಹೆಂಡತಿಗೆ ಜರ್ಮನಿಯಲ್ಲಿ ಇಳಿದ ದಿನದಿಂದ ಯಾವ ಕೆಲಸವನ್ನಾದರೂ ಮಾಡುವ ಹಕ್ಕಿದೆ, ಹೋಗುವ ಮೊದಲು ಭಾಷಾ ಪರೀಕ್ಷೆಯೂ ಬೇಕಿಲ್ಲ. ಕಾಗದದ ಮೇಲೆ ಇದು ಬಿಡುಗಡೆ. ಆದರೆ ನಿಮ್ಮದು ಅಕೌಂಟ್ಸ್. ಅಲ್ಲಿನ ತೆರಿಗೆ, ರಸೀದಿ, ಸಂಬಳದ ಚೀಟಿ ಎಲ್ಲವೂ ಜರ್ಮನ್‌ನಲ್ಲಿ. ಅವರಿಗೆ ಬಿ1 ಸಾಕು, ನಿಮಗೆ ಅದಕ್ಕಿಂತ ಮೇಲಿನದು ಬೇಕು. ಒಂದೂವರೆ, ಎರಡು ವರ್ಷ ಕಲಿಕೆಗೇ ಹೋದೀತು ಎಂದು ಈಗಲೇ ಒಪ್ಪಿಕೊಂಡರೆ ಆಮೇಲೆ ಕೊರಗಿಲ್ಲ. ಮನೆಯಲ್ಲಿ ಕೂತಿದ್ದೇನೆ ಎಂದಿರಲ್ಲ, ಆನ್‌ಲೈನ್ ತರಗತಿಗೆ ಈ ವಾರವೇ ಸೇರಿ. ಮ್ಯೂನಿಕ್ ಕೈತಪ್ಪಿದರೂ ನಷ್ಟವಿಲ್ಲ. ಮಕ್ಕಳ ಆಟ, ಊಟ, ಹೋಂವರ್ಕ್ ನಡುವೆ ದಿನಕ್ಕೆ ಒಂದೂವರೆ ಗಂಟೆ ಬಾಗಿಲು ಹಾಕಿಕೊಂಡು ಕೂರಬೇಕಾದೀತು. ಆ ಹೊತ್ತು ಅಡುಗೆಮನೆ ನೋಡಿಕೊಳ್ಳುವುದು ಅವರ ಪಾಲು. ಇದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ, ಹೋದ ಮೇಲೆ ಅಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಬಾಗಿಲು ಹಾಕಿಕೊಂಡಿರುವ ಮಗಳದು. ಆರು ವರ್ಷದ ತಮ್ಮ ದೀಪಾವಳಿ ಬರುವಷ್ಟರಲ್ಲಿ ಜರ್ಮನ್‌ನಲ್ಲಿ ಜಗಳವಾಡಲು ಕಲಿತಿರುತ್ತಾನೆ. ಅವಳಿಗೆ ಹಾಗಲ್ಲ. ಜರ್ಮನಿಯ ಬಹುಪಾಲು ರಾಜ್ಯಗಳಲ್ಲಿ ನಾಲ್ಕನೇ ತರಗತಿ ಮುಗಿದ ಕೂಡಲೇ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಬಿಡುತ್ತಾರೆ. ಗಿಮ್ನಾಜಿಯಂ ಎಂಬುದು ನೇರವಾಗಿ ವಿಶ್ವವಿದ್ಯಾಲಯದ ದಾರಿ, ಉಳಿದವು ಹೆಚ್ಚಾಗಿ ಕಸುಬು, ವೃತ್ತಿ ತರಬೇತಿಗಳ ಕಡೆಗೆ. ಒಂದರಿಂದ ಇನ್ನೊಂದಕ್ಕೆ ದಾಟಬಹುದು, ಆದರೆ ಹತ್ತುವುದು ಕಷ್ಟ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯ ಈ ವಿಷಯದಲ್ಲಿ ಬಿಗಿ. ಹನ್ನೆರಡರ ಹುಡುಗಿ ಅಲ್ಲಿಗೆ ಇಳಿಯುವಾಗ ಅವಳ ಓರಗೆಯವರ ಹಂಚಿಕೆ ಮುಗಿದು ಎರಡು ವರ್ಷವಾಗಿರುತ್ತದೆ. ಭಾಷೆ ಬಾರದ ಮಕ್ಕಳನ್ನು ಮೊದಲು ‘ಡಾಯ್ಚ್‌ಕ್ಲಾಸೆ’ ಎಂಬ ಭಾಷಾ ತರಗತಿಗೆ ಹಾಕುತ್ತಾರೆ. ಗಣಿತದಲ್ಲಿ ಮುಂದಿರುವ ಹುಡುಗಿ, ಪ್ರಶ್ನೆ ಓದಲು ಬಾರದ ಒಂದೇ ಕಾರಣಕ್ಕೆ, ಹಿಂದಿನ ಬೆಂಚಿಗೆ ಸರಿಯುವುದು ಅವಳ ಮನಸ್ಸಿಗೆ ಏನು ಮಾಡುತ್ತದೆ ಎಂದು ಯೋಚಿಸಿ. ಮನೆಯಲ್ಲೇ ಕಲಿಸುತ್ತೇನೆ ಎನ್ನುವ ಹಾಗಿಲ್ಲ, ಅಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕೆಂಬುದು ಕಾನೂನು.

ಇಂಗ್ಲಿಷ್ ಮಾಧ್ಯಮದ ಅಂತರರಾಷ್ಟ್ರೀಯ ಶಾಲೆಗಳಿವೆ. ಶುಲ್ಕ ಕೇಳಿದರೆ 84,000 ತಟ್ಟನೆ ಚಿಕ್ಕದಾಗಿ ಕಾಣುತ್ತದೆ. ಆ ಶುಲ್ಕದಲ್ಲಿ ಪಾಲು ಕೊಡುತ್ತೀರಾ ಎಂದು ಕಂಪನಿಯನ್ನು ಕೇಳಿ. ಕೇಳಲು ಸಂಕೋಚಪಡುವುದು ನಮ್ಮ ಕಡೆಯವರ ದೊಡ್ಡ ದೋಷ. ಕೊಡುವುದಿಲ್ಲ ಎಂದರೆ ಸರ್ಕಾರಿ ಶಾಲೆಯೇ ದಾರಿ. ಆಗ ಮಗಳಿಗೆ ಈಗಿಂದಲೇ ಜರ್ಮನ್ ಮೇಷ್ಟ್ರು ಬೇಕು, ಹೋದ ಮೇಲೆ ಒಂದು ತರಗತಿ ಹಿಂದೆ ಕೂತರೂ ಪರವಾಗಿಲ್ಲ ಎಂಬ ತಯಾರಿ ನಿಮಗೆ ಬೇಕು. ಅವಳ ಶಾಲೆಯಿಂದ ಮೂರು ವರ್ಷದ ಅಂಕಪಟ್ಟಿ, ಶಿಕ್ಷಕರ ಪತ್ರ, ಲಸಿಕೆಯ ದಾಖಲೆ ತೆಗೆದುಕೊಳ್ಳಿ. ಶಾಲೆಗೆ ಸೇರುವ ಮಕ್ಕಳು ದಡಾರದ ಲಸಿಕೆಯ ಪುರಾವೆ ಕೊಡಬೇಕೆಂದು ಜರ್ಮನಿಯಲ್ಲಿ 2020ರ ಮಾರ್ಚ್‌ನಿಂದ ಕಾನೂನಿದೆ.

ಅವಳ ಹತ್ತಿರ ‘ಹೋಗಬೇಕೋ ಬೇಡವೋ’ ಎಂದು ಮತ ಕೇಳಬೇಡಿ. ಉತ್ತರ ಏನೆಂದು ನಿಮಗೆ ಗೊತ್ತು, ನೀವು ಅದನ್ನು ಮೀರುವವರೆಂದು ಅವಳಿಗೂ ಗೊತ್ತು. ಅವಳ ಕೈಯಲ್ಲಿ ನಿಜವಾಗಿ ಬಿಡಬಹುದಾದ ಸಂಗತಿಗಳನ್ನು ಕೇಳಿ. ಯಾವ ಶಾಲೆ, ಯಾವ ವಾದ್ಯ, ಯಾವ ಗೆಳತಿಯ ಮನೆಗೆ ಮುಂದಿನ ಬೇಸಿಗೆಯಲ್ಲಿ ಹೋಗಬೇಕು, ಅದಕ್ಕೆ ಟಿಕೆಟ್ ಈಗಲೇ ತೆಗೆಸಬೇಕೇ. ನೀವು ಮನೆ ನೋಡಲು ಹೋಗುವುದಾದರೆ ಅವಳನ್ನೂ ಕರೆದುಕೊಂಡು ಹೋಗಿ.

ದುಡ್ಡಿನ ವಿಚಾರ ಇದರಷ್ಟು ತೊಡಕಿನದಲ್ಲ. 84,000ದಲ್ಲಿ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಕಳೆದು ಸುಮಾರು ಮೂರನೇ ಒಂದು ಪಾಲು ಹೋಗುತ್ತದೆ ಎಂದೇ ಇಟ್ಟುಕೊಳ್ಳಿ. ಮ್ಯೂನಿಕ್ ಬಾಡಿಗೆ ಜರ್ಮನಿಯಲ್ಲೇ ಅತಿ ದುಬಾರಿ. ಇನ್ನೊಂದು ಕಡೆ, ಸರ್ಕಾರಿ ಆರೋಗ್ಯ ವಿಮೆಯಲ್ಲಿ ಸಂಪಾದನೆ ಇಲ್ಲದ ಹೆಂಡತಿ, ಮಕ್ಕಳು ಬೇರೆ ಕಂತಿಲ್ಲದೆ ಒಳಗೊಳ್ಳುತ್ತಾರೆ, ಮತ್ತು ಮಗುವೊಂದಕ್ಕೆ ತಿಂಗಳಿಗೆ 255 ಯೂರೋ ಸರ್ಕಾರ ಕೊಡುತ್ತದೆ (2025ರ ಲೆಕ್ಕ). ಡಲ್ಲಾಸ್‌ನಷ್ಟು ಉಳಿಯುವುದಿಲ್ಲ. ಊರಿಗೆ ಕಳಿಸುವ ಹಣ, ಬೆಂಗಳೂರಿನ ಸೈಟಿನ ಕಂತು ಏನಾದರೂ ಇದ್ದರೆ ಆ ಲೆಕ್ಕ ಇಬ್ಬರೂ ಕೂತು ಹಾಕಿ.

ಅವರ 401(ಕೆ) ನಿವೃತ್ತಿ ಉಳಿತಾಯದ ಹಣವನ್ನು ಅವಸರದಲ್ಲಿ ಮುರಿಸಬೇಡಿ. ಐವತ್ತೊಂಬತ್ತೂವರೆ ವರ್ಷಕ್ಕೆ ಮುಂಚೆ ತೆಗೆದರೆ ತೆರಿಗೆಯ ಮೇಲೆ ಶೇ 10 ದಂಡ. ಸೋಷಿಯಲ್ ಸೆಕ್ಯುರಿಟಿಯಲ್ಲಿ ಹತ್ತು ವರ್ಷ, ಅಂದರೆ 40 ಕ್ರೆಡಿಟ್ ದಾಟಿದರೆ ಪಿಂಚಣಿಯ ಹಕ್ಕು ಬರುತ್ತದೆ. ಅವರು ದಾಟಿದ್ದಾರೆ, ನೀವು ದಾಟಿಲ್ಲ. ಇಲ್ಲೊಂದು ಅನುಕೂಲವಿದೆ. ಅಮೆರಿಕಕ್ಕೂ ಜರ್ಮನಿಗೂ ಈ ವಿಷಯದಲ್ಲಿ ಒಪ್ಪಂದವಿರುವುದರಿಂದ ನಿಮ್ಮ ಏಳು ವರ್ಷಕ್ಕೆ ಜರ್ಮನಿಯಲ್ಲಿ ದುಡಿಯುವ ವರ್ಷಗಳನ್ನು ಕೂಡಿಸಿ ಅರ್ಹತೆ ನೋಡುತ್ತಾರೆ. ಭಾರತಕ್ಕೂ ಅಮೆರಿಕಕ್ಕೂ ಅಂಥ ಒಪ್ಪಂದವಿಲ್ಲ. ಭಾರತಕ್ಕೂ ಜರ್ಮನಿಗೂ ಇದೆ, 2017ರಿಂದ. ನೀವಿಬ್ಬರೂ ಅಮೆರಿಕ ಬಿಟ್ಟ ಮೇಲೆ ಅದರ ತೆರಿಗೆಯ ಕಣ್ಣಿನಿಂದ ಬಹುಮಟ್ಟಿಗೆ ಹೊರಗೆ. ಮಕ್ಕಳು ಹೊರಗಲ್ಲ. ಅಮೆರಿಕದ ಪ್ರಜೆ ಎಲ್ಲಿದ್ದರೂ ಲೆಕ್ಕ ಒಪ್ಪಿಸಬೇಕು. ಅಜ್ಜ ಮೊಮ್ಮಗಳ ಹೆಸರಿಗೆ ಹೊಸಪೇಟೆಯ ಬ್ಯಾಂಕಿನಲ್ಲಿ ದೊಡ್ಡ ಮೊತ್ತದ ಠೇವಣಿ ಇಡುವ ಮೊದಲು ಇದು ನೆನಪಿರಲಿ: ವಿದೇಶಿ ಖಾತೆಗಳಲ್ಲಿ ಒಟ್ಟು 10,000 ಡಾಲರ್ ದಾಟಿದರೆ ವರದಿ ಮಾಡಬೇಕು. ಇನ್ನು ನಿಮ್ಮ ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಜರ್ಮನಿಯಲ್ಲಿದೆ.

ಒಂದು ಸಣ್ಣ ವಿಷಯ, ಜನ ಮರೆತು ಪೇಚಾಡುವುದು. ಅಮೆರಿಕದ ಫೋನ್ ನಂಬರನ್ನು ಬಿಟ್ಟುಕೊಡಬೇಡಿ. ಬ್ಯಾಂಕು, 401(ಕೆ), ತೆರಿಗೆ, ಎಲ್ಲದರ ಒಟಿಪಿ ಆ ನಂಬರಿಗೇ ಬರುವುದು.

ಹಿಂದಿನ ಬಾಗಿಲು ತೆರೆದಿರುತ್ತದೆಯೇ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಒಪ್ಪಿಗೆಯಾದ ಐ-140ರ 2017ರ ತಾರೀಖು ಸಾಮಾನ್ಯವಾಗಿ ನಿಮ್ಮದಾಗಿಯೇ ಉಳಿಯುತ್ತದೆ, ಮುಂದೆ ಬೇರೆ ಕಂಪನಿ ಅರ್ಜಿ ಹಾಕಿದರೂ ಆ ಸರದಿ ಬಳಸಬಹುದು. ಒಪ್ಪಿಗೆ ಪತ್ರದ ಪ್ರತಿ ಕಂಪನಿಯ ವಕೀಲರ ಬಳಿ ಇದೆ ಎಂದು ಸುಮ್ಮನಿರದೆ ಈಗಲೇ ಕೇಳಿ ಪಡೆಯಲಿ. ಆದರೆ 2025ರ ಸೆಪ್ಟೆಂಬರ್ 21ರಿಂದ ಅಮೆರಿಕದ ಹೊರಗಿರುವವರಿಗಾಗಿ ಹಾಕುವ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಎಂಬ ಆದೇಶ ಬಂತು. ಅದರ ಮೇಲೆ ಕೋರ್ಟಿನಲ್ಲಿ ವ್ಯಾಜ್ಯಗಳೂ ನಡೆದವು. ಹೊರಡುವ ವಾರದಲ್ಲಿ ಅದರ ಸ್ಥಿತಿ ಏನೆಂದು ವಲಸೆ ವಕೀಲರನ್ನು ಕೇಳಿ, ನಾನು ವಕೀಲೆಯಲ್ಲ. ಅದು ಜಾರಿಯಲ್ಲಿದ್ದರೆ ‘ಸರಿಬರದಿದ್ದರೆ ವಾಪಸ್ ಬಂದರಾಯಿತು’ ಎಂಬ ಮಾತನ್ನು ಮನೆಯಲ್ಲಿ ಆಡಬೇಡಿ. ವಾಪಸ್ ಬರುವ ಹಕ್ಕು ಇರುವುದು ಮಕ್ಕಳಿಗೆ ಮಾತ್ರ. ಅಷ್ಟಕ್ಕೂ ಯುರೋಪಿನಲ್ಲಿ ಗಾಳಿ ಬೇರೆ ಏನಲ್ಲ. 2025ರ ಫೆಬ್ರುವರಿಯ ಜರ್ಮನ್ ಚುನಾವಣೆಯಲ್ಲಿ ವಲಸೆಯನ್ನು ವಿರೋಧಿಸುವ ಎಎಫ್‌ಡಿ ಪಕ್ಷ ಶೇ 20.8 ಮತ ಪಡೆದು ಎರಡನೇ ಸ್ಥಾನಕ್ಕೆ ಬಂತು. ಮೂರೇ ವರ್ಷಕ್ಕೆ ಪೌರತ್ವ ಕೊಡುವ ವಿಶೇಷ ದಾರಿಯನ್ನು ಅದೇ ವರ್ಷ ಮುಚ್ಚಿದರು. ಐದು ವರ್ಷದ ದಾರಿ ಇದೆ. ಆದರೆ ಜರ್ಮನ್ ಪೌರತ್ವ ಪಡೆದ ದಿನ ಭಾರತದ ಪೌರತ್ವ ಹೋಗುತ್ತದೆ, ಆಮೇಲೆ ಪಡೆಯಬಹುದಾದದ್ದು ಓಸಿಐ ಕಾರ್ಡು ಮಾತ್ರ.

ಹೆಸರಿನ ತೊಂದರೆಗೆ ಬರೋಣ. ನೀವು ಅಂದುಕೊಂಡಿರುವುದಕ್ಕಿಂತ ಇದು ದೊಡ್ಡದು. ನಿಮ್ಮ ಕಾಗದಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿ ನೋಡಿ. ಮದುವೆ ನೋಂದಣಿ ಪತ್ರದ ಇಂಗ್ಲಿಷಿನಲ್ಲಿ ‘ಹಾಸ್ಪೆಟ್, ಬೆಲ್ಲಾರಿ’ ಎಂದಿರುತ್ತದೆ. 2014ರ ನವೆಂಬರ್ 1ರಂದು ಊರುಗಳ ಹೆಸರು ತಿದ್ದಿದ ಮೇಲೆ ನವೀಕರಿಸಿದ ಪಾಸ್‌ಪೋರ್ಟಿನಲ್ಲಿ ‘ಹೊಸಪೇಟೆ, ಬಳ್ಳಾರಿ’. 2021ರಲ್ಲಿ ಜಿಲ್ಲೆಯೇ ಒಡೆದ ಮೇಲೆ ತಂದ ನಿಮ್ಮ ಜನನ ಪ್ರಮಾಣಪತ್ರದ ನಕಲಿನಲ್ಲಿ ‘ವಿಜಯನಗರ ಜಿಲ್ಲೆ’. ಗಂಡನ ಸಂಡೂರು, ಅಪ್ಪನ ಗದ್ದೆಯ ಕಂಪ್ಲಿ ಎರಡೂ ಬಳ್ಳಾರಿಯಲ್ಲೇ ಉಳಿದವು. ಒಂದೇ ಮನೆಯ ಕಾಗದಗಳಲ್ಲಿ ಎರಡು ಜಿಲ್ಲೆ, ಒಂದೇ ಊರಿಗೆ ಎರಡು ಹೆಸರು. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಬವೇರಿಯಾದ ನಗರಸಭೆಯ ಗುಮಾಸ್ತನಿಗೆ ಇವು ಬೇರೆ ಬೇರೆ ಊರುಗಳು. ಅದರ ಮೇಲೆ ನಿಮ್ಮದು ಒಂಟಿ ಹೆಸರು, ಗಂಡನ ಹೆಸರಿನ ಕೊನೆಗೆ ಅವರ ತಂದೆಯ ಹೆಸರು, ಮಕ್ಕಳ ಕೊನೆಗೆ ಗಂಡನ ಹೆಸರು. ನಾಲ್ವರಿಗೆ ಮೂರು ತೆರನಾದಾಗ ಇವರೆಲ್ಲ ಒಂದೇ ಸಂಸಾರ ಎಂದು ಆತ ನಂಬಬೇಕಾದರೆ ಕಾಗದವೇ ಮಾತಾಡಬೇಕು.

ಸಾಧ್ಯವಾದರೆ ಹೊರಡುವ ಮುಂಚೆ ಪಾಸ್‌ಪೋರ್ಟಿನಲ್ಲಿ ಹೆಸರು ಎರಡು ಭಾಗ ಮಾಡಿಸಿ, ಗಂಡನ ಹೆಸರು ಅದರಲ್ಲಿ ಸೇರಿದೆಯೇ ನೋಡಿ. ಆದರೆ ಅಮೆರಿಕದ ದಾಖಲೆಗಳಲ್ಲೆಲ್ಲ ಎಫ್‌ಎನ್‌ಯು ಇರುವುದರಿಂದ ‘ಇಬ್ಬರೂ ಒಬ್ಬರೇ’ ಎಂಬ ಪ್ರಮಾಣಪತ್ರವೂ ಜೊತೆಗಿರಲಿ. ಮಕ್ಕಳ ಜನನ ಪತ್ರದ ಉದ್ದ ನಮೂನೆಗೆ ಟೆಕ್ಸಸ್ ರಾಜ್ಯದ ಅಪೊಸ್ಟಿಲ್ ಹಾಕಿಸಿ. ನಿಮ್ಮ ಮದುವೆ ಪತ್ರಕ್ಕೆ ಅಪೊಸ್ಟಿಲ್ ಸಾಕೋ, ಬೇರೆ ಪರಿಶೀಲನೆ ಬೇಕೋ ಎಂದು ಹ್ಯೂಸ್ಟನ್ ಕಾನ್ಸುಲೇಟಿಗೆ ಬರೆದು ಕೇಳಿ, ಉತ್ತರವನ್ನು ಮುದ್ರಿಸಿಟ್ಟುಕೊಳ್ಳಿ. ಭಾರತದ ಕಾಗದಗಳ ವಿಷಯದಲ್ಲಿ ಯುರೋಪಿನ ದೇಶಗಳೆಲ್ಲ ಒಂದೇ ರೀತಿ ನಡೆದುಕೊಳ್ಳುವುದಿಲ್ಲ.

ಕಂಪ್ಲಿ ಗದ್ದೆ. ಅಪ್ಪನಿಗೆ ಇವತ್ತೇ ಫೋನ್ ಮಾಡಿ, ದಾನಪತ್ರ ಬೇಡ ಎಂದು ಹೇಳಿ. ವಿದೇಶದಲ್ಲಿ ನೆಲೆಸಿದ ಭಾರತೀಯರು ವ್ಯವಸಾಯದ ಜಮೀನನ್ನು ಕೊಳ್ಳುವ ಹಾಗಿಲ್ಲ, ದಾನವಾಗಿ ಪಡೆಯುವ ಹಾಗೂ ಇಲ್ಲ. ಇದು ವಿದೇಶಿ ವಿನಿಮಯದ ಫೆಮಾ ಕಾನೂನು, ನಮ್ಮ ರಾಜ್ಯ 2020ರಲ್ಲಿ ಭೂಸುಧಾರಣೆ ಕಾಯ್ದೆ ಸಡಿಲಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ವಾರಸಿನಿಂದ ಬಂದರೆ ಅಡ್ಡಿಯಿಲ್ಲ, ನಾಳೆ ನೀವು ಓಸಿಐ ಆದರೂ ಅಡ್ಡಿಯಿಲ್ಲ. ಅಪ್ಪನಿಗೆ ಮನಸ್ಸಿದ್ದರೆ ಉಯಿಲು ಬರೆದು ನೋಂದಾಯಿಸಲಿ. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದಿನ ಪತ್ರಬರಹಗಾರರು ‘ಎಲ್ಲಾ ಆಗ್ತತಿ, ಸಹಿ ಹಾಕ್ರಿ’ ಎಂದು ಬಿಡುತ್ತಾರೆ, ಅವರ ಮಾತಿಗೆ ಮರುಳಾಗಬೇಡಿ. ಪಹಣಿಯಲ್ಲಿ ಅಜ್ಜನ ಹೆಸರೇ ಉಳಿದಿದ್ದರೆ ಅದನ್ನು ಮೊದಲು ಅಪ್ಪನ ಹೆಸರಿಗೆ ತಿದ್ದಿಸಬೇಕು. ನಿಮ್ಮ ಕಡೆಯಿಂದ ಯಾರಿಗಾದರೂ ಮುಖ್ತ್ಯಾರ್ ಪತ್ರ ಕೊಡಬೇಕಾಗಿ ಬಂದರೆ ವಿದೇಶದಲ್ಲಿ ಸಹಿ ಹಾಕಿದ್ದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಕಟ್ಟಿಸಬೇಕು.

ಅಮ್ಮನ ಪ್ರಶ್ನೆಗೆ ಅರ್ಧ ಉತ್ತರವಿದೆ. ಮ್ಯೂನಿಕ್ ಹತ್ತಿರ. ಅವರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬಂದರೆ ಅಲ್ಲಿಂದ ನೇರ ವಿಮಾನ. ರಾತ್ರಿ ಹೊತ್ತಿನಲ್ಲಿ ಕೆಟ್ಟ ಫೋನ್ ಬಂದರೆ ನೀವು ಮರುದಿನ ಊರಲ್ಲಿರಬಹುದು, ಡಲ್ಲಾಸಿನಿಂದ ಇದು ಆಗದ ಮಾತು. ಇನ್ನರ್ಧ ಕಹಿ. ಅಮೆರಿಕದಲ್ಲಾದರೆ ಆರು ತಿಂಗಳು ಇರಬಹುದಾಗಿದ್ದ ಅಮ್ಮ ಶೆಂಗೆನ್ ವೀಸಾದಲ್ಲಿ 90 ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ. 2024ರ ಮಾರ್ಚ್ 1ರಿಂದ ಈಚೆಗೆ ಮೊದಲ ಪರವಾನಗಿ ಪಡೆದ ಬ್ಲೂ ಕಾರ್ಡಿನವರು ಎರಡೂ ಕಡೆಯ ತಂದೆತಾಯಿಯನ್ನು ಕರೆಸಿಕೊಳ್ಳಬಹುದೆಂದು ಜರ್ಮನಿಯಲ್ಲಿ ಕಾನೂನು ಬಂದಿದೆ. ಓದಿದಾಗ ಸಂತೋಷವಾಗುತ್ತದೆ. ಆದರೆ ಅವರ ಪೂರ್ತಿ ಆರೋಗ್ಯ ವಿಮೆ ನಿಮ್ಮ ತಲೆಯ ಮೇಲೆ. ಸಕ್ಕರೆ ಕಾಯಿಲೆ, ಮಂಡಿನೋವಿನ ವಯಸ್ಸಾದವರಿಗೆ ಅಂಥ ವಿಮೆ ಸಿಗುವುದೇ ಕಷ್ಟ, ಸಿಕ್ಕರೂ ಕೈ ಸುಡುತ್ತದೆ. ಹೀಗಾಗಿ ‘ಅಲ್ಲಿಗೆ ಹೋದರೆ ನಿನ್ನನ್ನು ಕರೆಸಿಕೊಳ್ಳುತ್ತೇನೆ’ ಎಂದು ಅಮ್ಮನಿಗೆ ಹೇಳಬೇಡಿ. ವರ್ಷಕ್ಕೆರಡು ಸಲ ನಾನೇ ಬರುತ್ತೇನೆ ಎಂದು ಹೇಳಿ. ಜರ್ಮನಿಯಲ್ಲಿ ಸಂಬಳ ಸಹಿತ ರಜೆ ಕಾನೂನಿನ ಪ್ರಕಾರವೇ ವರ್ಷಕ್ಕೆ ಕನಿಷ್ಠ 20 ದಿನ, ಹೆಚ್ಚಿನ ಕಂಪನಿಗಳಲ್ಲಿ 30ರ ಹತ್ತಿರ. ಆ ಮಾತನ್ನು ಉಳಿಸಿಕೊಳ್ಳಬಹುದು.

‘ಊರಿಗೇ ಬರಬಾರದೇನು?’ ಎಂಬುದನ್ನೂ ನಗೆಯಾಡಿ ತಳ್ಳಿಹಾಕಬೇಡಿ. ಸಂಡೂರು, ತೋರಣಗಲ್ಲು ಕಡೆ ಗಣಿ, ಉಕ್ಕು ನಂಬಿದ ಮನೆಗಳಿಗೆ 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಏನಾಯಿತೆಂದು ನಿಮ್ಮ ಮಾವನವರಿಗೆ ಚೆನ್ನಾಗಿ ಗೊತ್ತು. ಊರಿನ ಕೆಲಸ ಗಟ್ಟಿ, ಪರದೇಶದ್ದು ಜಳ್ಳು ಎಂದು ಅವರು ಹೇಳಲಾರರು. ಆದರೂ ಬೆಂಗಳೂರಿನಲ್ಲಿ ನಿಮ್ಮ ಯಜಮಾನರಿಗೆ ಕೆಲಸ ಸಿಗುತ್ತದೆ, ಮಗಳಿಗೆ ಇಂಗ್ಲಿಷ್ ಶಾಲೆ ಸಿಗುತ್ತದೆ, ನಿಮ್ಮ ಅಕೌಂಟ್ಸಿಗೆ ಹೊಸ ಭಾಷೆ ಬೇಕಿಲ್ಲ. ಆ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬರೆದು ಡಲ್ಲಾಸ್, ಮ್ಯೂನಿಕ್ ಹಾಳೆಗಳ ಪಕ್ಕ ಇಡಿ. ನಾನು ಕಂಡ ಮನೆಗಳಲ್ಲಿ ಮೂರನೇ ಹಾಳೆ ಬರೆದವರು ಕಡಿಮೆ.

ಮನೆಸಾಮಾನಿನ ಮಾತು ಬೇಗ ಮುಗಿಸುತ್ತೇನೆ. ಆರು ತಿಂಗಳಾದರೂ ಬಳಸಿದ ಸ್ವಂತ ಸಾಮಾನನ್ನು ಸುಂಕವಿಲ್ಲದೆ ಒಯ್ಯಬಹುದು. ಮದುವೆಯ ಚಿನ್ನದ ಫೋಟೋ, ಪಟ್ಟಿ ಇಟ್ಟುಕೊಳ್ಳಿ. 120 ವೋಲ್ಟಿನ ಅಮೆರಿಕದ ಮಿಕ್ಸಿ, ಕುಕ್ಕರ್ ಎಲ್ಲ ಯಾರಿಗಾದರೂ ಕೊಟ್ಟುಬಿಡಿ. ಹೊಸಪೇಟೆಯ ಅಂಗಡಿಯಲ್ಲಿ ಕೊಂಡ ಮಿಕ್ಸಿ ಒಂದು ಪ್ಲಗ್ ಹಾಕಿದರೆ ಮ್ಯೂನಿಕ್‌ನಲ್ಲಿ ಗರಗರ ತಿರುಗುತ್ತದೆ, ಎರಡೂ ಕಡೆ 230 ವೋಲ್ಟೇ. ಮನೆ ನೋಡುವಾಗ ಅಡುಗೆಮನೆ ಇದೆಯೇ ಎಂದು ಕೇಳಿ. ನಗುವ ಮಾತಲ್ಲ, ಅಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಆ ಕೋಣೆಯಲ್ಲಿ ನಲ್ಲಿಯ ಪೈಪು ಬಿಟ್ಟರೆ ಸಿಂಕೂ ಇರುವುದಿಲ್ಲ, ಒಲೆಯೂ ಇರುವುದಿಲ್ಲ, ನೀವೇ ಹಾಕಿಸಿಕೊಳ್ಳಬೇಕು. ಅಡ್ವಾನ್ಸ್ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಅಮೆರಿಕದ ಕ್ರೆಡಿಟ್ ಸ್ಕೋರಿಗೆ ಅಲ್ಲಿ ಬೆಲೆಯಿಲ್ಲ. ಲೈಸೆನ್ಸ್ ಮೊದಲ ಆರು ತಿಂಗಳು ನಡೆಯುತ್ತದೆ. ಆಮೇಲೆ ಪರೀಕ್ಷೆಯಿಲ್ಲದೆ ಬದಲಿಸಿಕೊಡುವುದು ಅಮೆರಿಕದ ಕೆಲವು ರಾಜ್ಯಗಳದ್ದನ್ನು ಮಾತ್ರ, ಆ ಪಟ್ಟಿಯನ್ನು ಹೊರಡುವ ಮೊದಲೇ ನೋಡಿ. ಊರಿನ ಲೈಸೆನ್ಸ್ ನಂಬಿಕೊಂಡರೆ ಪರೀಕ್ಷೆಯನ್ನೂ ಬರೆಯಬೇಕು, ಓಡಿಸಿಯೂ ತೋರಿಸಬೇಕು.

ಈಗ ನನ್ನ ಅಭಿಪ್ರಾಯ. ನಿಮ್ಮ ಯಜಮಾನರು ಕಂಪನಿಗೆ ಒಂದು ಪತ್ರ ಬರೆಯಲಿ. ಕೆಲಸಕ್ಕೆ ಸೇರುವ ದಿನ ಏಪ್ರಿಲ್ ಬದಲು ಆಗಸ್ಟ್ ಆಗಬೇಕು. ಬವೇರಿಯಾದ ಶಾಲೆಗಳು ಸೆಪ್ಟೆಂಬರ್ ಮಧ್ಯದಲ್ಲಿ ತೆರೆಯುತ್ತವೆ, ಮಗಳು ನಡುವಿನಲ್ಲಿ ನುಗ್ಗಬೇಕಿಲ್ಲ. ಮೊದಲ ಎರಡು ತಿಂಗಳಿಗೆ ಸಾಮಾನು ಸಹಿತ ಮನೆ, ನಿಮಗೂ ಮಗಳಿಗೂ ಭಾಷಾ ತರಗತಿಯ ಖರ್ಚು, ಶಾಲೆಯ ಶುಲ್ಕದಲ್ಲಿ ಪಾಲು, ಇವನ್ನೂ ಕೇಳಲಿ. ಒಪ್ಪಿದರೆ ಹೋಗಿ. ಆಗ ಮೇ ಕೊನೆಗೆ ಡಲ್ಲಾಸಿನ ಕೆಲಸ ಮುಗಿಸಿ, ವೀಸಾ ಕೈಯಲ್ಲಿ ಹಿಡಿದುಕೊಂಡು ನಾಲ್ವರೂ ಒಟ್ಟಿಗೆ ಹೊಸಪೇಟೆಗೆ ಬನ್ನಿ. ಜೂನ್, ಜುಲೈ ಇಲ್ಲೇ ಇರಿ. ಅಪ್ಪನ ಉಯಿಲು, ಪಹಣಿ, ಊರಿನಿಂದ ಬೇಕಾದ ಪ್ರಮಾಣಪತ್ರಗಳು ಆ ಎರಡು ತಿಂಗಳಲ್ಲಿ ಮುಗಿಯಬಲ್ಲ ಕೆಲಸಗಳು, ಫೋನಿನಲ್ಲಿ ಎರಡು ವರ್ಷವಾದರೂ ಮುಗಿಯುವುದಿಲ್ಲ. ಮಗಳು ಬೆಳಿಗ್ಗೆ ಆನ್‌ಲೈನ್‌ನಲ್ಲಿ ಜರ್ಮನ್ ಕಲಿತು ಸಂಜೆ ಅಜ್ಜನ ಜೊತೆ ಕಾಲುವೆ ಕಡೆ ಹೋಗಿಬರಲಿ.

ಕಂಪನಿ ಏಪ್ರಿಲ್‌ಗೇ ಬೇಕೆಂದು ಪಟ್ಟು ಹಿಡಿದರೆ ಈ ಕೆಲಸ ಬಿಡಿ. ಯುರೋಪು ಒಂದೇ ಊರಲ್ಲ. ಐರ್ಲೆಂಡಿನಲ್ಲಿ ಶಾಲೆಯೂ ಆಫೀಸೂ ಇಂಗ್ಲಿಷ್, ಆ ದೇಶಕ್ಕೆ ಬೇಕಾದ ಕಸುಬುಗಳ ವಿಶೇಷ ಪರ್ಮಿಟ್ ಇದ್ದವರ ಹೆಂಡತಿಗೂ ಕೆಲಸದ ಹಕ್ಕಿದೆ. ಬಾಡಿಗೆ ಮನೆ ಸಿಗುವುದೊಂದೇ ದೊಡ್ಡ ತಾಪತ್ರಯ. ನಿಮ್ಮ ಮಗಳ ವಯಸ್ಸಿಗೆ ಡಬ್ಲಿನ್ ಮ್ಯೂನಿಕ್‌ಗಿಂತ ಮೇಲು ಎಂದೇ ನನಗನಿಸುತ್ತದೆ. ಅವರು ಅಲ್ಲಿಗೂ ನಾಲ್ಕು ಅರ್ಜಿ ಹಾಕಲಿ, ಉತ್ತರ ಬಂದ ಮೇಲೆ ನನಗೆ ಇನ್ನೊಮ್ಮೆ ಬರೆಯಿರಿ.